ಊರಿಗೆ ಹೋಗಿ ಕಾಗದ ಬರೀತೀವಿ

ಅಮೆರಿಕದ ಕಾಲೇಜುಗಳಿಗೆ ‘ಅರ್ಲಿ’ ಅರ್ಜಿ ಹಾಕುವುದಕ್ಕೆ ಕೊನೆಯ ದಿನ ಹೆಚ್ಚಾಗಿ ನವೆಂಬರ್ 1. ಅಲ್ಲಿಯವರಿಗೆ ಅದು ಬರೀ ತಾರೀಖು. ನಮಗೆ ಹಾಗಲ್ಲವಲ್ಲ. ಜಯನಗರ ನಾಲ್ಕನೇ ‘ಟಿ’ ಬ್ಲಾಕಿನ ನಮ್ಮ ಬೀದಿಯ ಮೂಲೆಯಲ್ಲಿ ಆಟೋ ಸ್ಟ್ಯಾಂಡಿನವರು ಹಳದಿ ಕೆಂಪು ಬಾವುಟ ಏರಿಸಿ, ಭುವನೇಶ್ವರಿಯ ಪಟಕ್ಕೆ ಸೇವಂತಿಗೆ ಹಾರ ಹಾಕಿ, ನಾಡು ನುಡಿಯ ಹಾಡುಗಳನ್ನು ಕಿಟಕಿಯ ಗಾಜು ಅದುರುವಂತೆ ಹಾಕಿದ್ದರು. ಅದುರುತ್ತಿದ್ದ ಆ ಕಿಟಕಿಯ ಒಳಗೆ ಮೊಮ್ಮಗಳು ನಾಡು ಬಿಟ್ಟು ಹೋಗುವ ಅರ್ಜಿಯ ಕೊನೆಯ ಪುಟದಲ್ಲಿದ್ದಳು.

2024ರಲ್ಲಿ ಇನ್ನೊಂದು ತೊಡಕು ಬಂತು. ಆ ನವೆಂಬರ್ 1 ದೀಪಾವಳಿ ಅಮಾವಾಸ್ಯೆ. ನನ್ನಾಕೆ ಒಂಟಿಕೊಪ್ಪಲ್ ಪಂಚಾಂಗ ತೆಗೆದು, ಕನ್ನಡಕ ಏರಿಸಿ, “ಸಾಯಂಕಾಲದವರೆಗೂ ಅಮಾವಾಸ್ಯೆ ಇದೆ, ಆಮೇಲೆ ಪಾಡ್ಯ. ದೀಪ ಹಚ್ಚಿದ ಮೇಲೆ ಕಳಿಸು ಪುಟ್ಟಿ” ಎಂದಳು. ಲಕ್ಷ್ಮೀಪೂಜೆಯನ್ನೇ ಅಮಾವಾಸ್ಯೆಯಲ್ಲಿ ಮಾಡುತ್ತೀವಲ್ಲ ಎಂದು ನಾನು ನಡುವೆ ಬಾಯಿ ಹಾಕಿದೆ. “ಪೂಜೆಗೆ ಆಗುತ್ತೆ, ಅರ್ಜಿಗೆ ಆಗೊಲ್ಲ” ಎಂದು ಉತ್ತರ ಬಂತು. ಅರ್ಜಿ ಕಳಿಸಲು ರಾತ್ರಿ 11:59ರವರೆಗೆ, ಅದೂ ನಮ್ಮ ಗಡಿಯಾರದ ಪ್ರಕಾರವೇ, ಸಮಯವಿತ್ತು. ಹಾಗಾಗಿ ಅಮೆರಿಕಕ್ಕೂ ಪಂಚಾಂಗಕ್ಕೂ ಜಗಳವಾಗಲಿಲ್ಲ. ಹೊರಗೆ ಸರಪಟಾಕಿ, ಮೂಲೆಯಲ್ಲಿ ನಾಡಗೀತೆ, ಒಳಗೆ ‘ಸಬ್‌ಮಿಟ್’ ಗುಂಡಿ. ಗುಂಡಿ ಒತ್ತಿದ ಮರುಕ್ಷಣವೇ ಪರದೆಯ ಮೇಲೆ ಬಣ್ಣಬಣ್ಣದ ಕಾಗದದ ಚೂರು ಉದುರಿದವು. ಅಷ್ಟಕ್ಕೇ ಸೀಟು ಸಿಕ್ಕಿತೆಂದುಕೊಂಡು ಸೊಸೆ ಸಕ್ಕರೆ ಡಬ್ಬಿಗೆ ಕೈ ಹಾಕಿದ್ದಳು.

‘ಅರ್ಲಿ ಡಿಸಿಷನ್’ ಎಂದರೇನು ಎಂದು ಮಗ ನನಗೆ ವಿವರಿಸಲು ಹೊರಟ. ಹಾಗೆ ಹಾಕುವುದಾದರೆ ಒಂದೇ ಕಾಲೇಜಿಗೆ ಹಾಕಬೇಕು. ಅವರು ಒಪ್ಪಿದರೆ ನಾವು ಹೋಗಲೇಬೇಕು. ಹಾಗೆಂದು ವಿದ್ಯಾರ್ಥಿ, ಅಪ್ಪ ಅಮ್ಮಂದಿರಲ್ಲಿ ಒಬ್ಬರು, ಶಾಲೆಯ ಕೌನ್ಸೆಲರು ಮೂವರೂ ಮೊದಲೇ ಸಹಿ ಹಾಕಿಕೊಡಬೇಕು. ಬೇರೆ ಕಡೆ ಹಾಕಿದ ಅರ್ಜಿಗಳನ್ನೆಲ್ಲ ಹಿಂದಕ್ಕೆ ತೆಗೆದುಕೊಳ್ಳಬೇಕು. ‘ಅರ್ಲಿ ಆ್ಯಕ್ಷನ್’ ಅಂತ ಇನ್ನೊಂದಿದೆ, ಅದರಲ್ಲಿ ಈ ಕಟ್ಟುಪಾಡಿಲ್ಲ. ಉತ್ತರ ಡಿಸೆಂಬರ್ ನಡುವಿಗೆ ಬರುತ್ತದೆ. ಹೂಂ ಎನ್ನಬಹುದು, ಉಹೂಂ ಎನ್ನಬಹುದು, ‘ಡಿಫರ್’ ಎನ್ನಬಹುದು. ಡಿಫರ್ ಎಂದರೆ ಈಗ ಹೇಳುವುದಿಲ್ಲ, ಮಾರ್ಚಿನಲ್ಲಿ ಉಳಿದವರ ಜೊತೆ ಸೇರಿಸಿ ನೋಡಿ ಹೇಳುತ್ತೇವೆ ಅಂತ.

ಬದುಕಿಡೀ ಬ್ಯಾಂಕಿನ ಕರಾರುಪತ್ರಗಳ ಸಣ್ಣ ಅಕ್ಷರ ಓದಿ ನಿವೃತ್ತನಾದ ನನಗೇ ಇದು ತಲೆಗೆ ಹೋಗಲಿಲ್ಲ. ಹುರುಳಿಕಾಯಿ ನಾರು ತೆಗೆಯುತ್ತ ಕೂತಿದ್ದ ನನ್ನಾಕೆ ತಲೆಯನ್ನೂ ಎತ್ತದೆ ಹೇಳಿದಳು: “ಇದರಲ್ಲಿ ತಿಳೀದೇ ಇರೋದೇನಿದೆ? ಹೆಣ್ಣು ನೋಡೋ ಶಾಸ್ತ್ರ. ಒಂದೇ ಮನೆಗೆ ಜಾತಕ ಕೊಟ್ಟಿದ್ದೀವಿ. ಅವರು ಒಪ್ಪಿದರೆ ನಾವು ಹಿಂದೆಗೆಯೋ ಹಾಗಿಲ್ಲ. ಡಿಫರ್ ಅಂದ್ರೆ, ಉಪ್ಪಿಟ್ಟು ಕೇಸರಿಬಾತು ತಿಂದು, ಕೈ ತೊಳೆದು, ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂತ ಎದ್ದು ಹೋಗೋದು.”

ಮಗ ಒಂದು ಕ್ಷಣ ಸುಮ್ಮನಿದ್ದ. ಕನ್ಸಲ್ಟೆಂಟಿಗೆ ಇಷ್ಟು ದುಡ್ಡು ಕೊಟ್ಟಿದ್ದಕ್ಕೆ ಆಕೆಯೂ ಇಷ್ಟು ಚೆನ್ನಾಗಿ ಹೇಳಿರಲಿಲ್ಲ ಎಂದ. ಹಾಗಾದರೆ ‘ವೇಟ್‌ಲಿಸ್ಟ್’ ಅಂದರೆ ಏನಮ್ಮಾ ಎಂದು ಪರೀಕ್ಷೆಗೇ ಇಳಿದ. “ಆ ಮನೆ ಹುಡುಗಿ ಒಪ್ಪದೇ ಹೋದ್ರೆ ನಿಮ್ಮ ಮನೆಗೇ ಬರ್ತೀವಿ ಅನ್ನೋದು” ಎಂದಳು. ಈ ವಿಷಯದಲ್ಲಿ ಆಕೆಯ ಅನುಭವ ದೊಡ್ಡದು. ನಮ್ಮಪ್ಪ ಇವಳನ್ನು ನೋಡಿ ಬಂದು, ಕಾಗದ ಬರೆಯುವುದಕ್ಕೆ ಆಷಾಢ ಕಳೆಯಲಿ ಅಂತ ಕೂತಿದ್ದ ಸಂಗತಿಯನ್ನು ಇವತ್ತಿಗೂ ಚಕ್ರಬಡ್ಡಿ ಹಾಕಿ ನನ್ನಿಂದ ವಸೂಲು ಮಾಡುತ್ತಾಳೆ.

ಜಾತಕ ಬರೆಸುವ ಕೆಲಸ ಮಾತ್ರ ನಮ್ಮ ಕಾಲದ ಹಾಗಿಲ್ಲ. ಓದಿನಾಚೆಗೆ ಹುಡುಗಿ ಏನೇನು ಮಾಡಿದ್ದಾಳೆ ಎಂದು ಹತ್ತು ಬಾಬತ್ತು ತೋರಿಸಬಹುದು. ಒಂದೊಂದರ ವಿವರಕ್ಕೂ 150 ಅಕ್ಷರ, ಅದೂ ನಡುವಿನ ಖಾಲಿ ಜಾಗ ಸೇರಿ. ಜಯನಗರ ಎಂಟನೇ ಬ್ಲಾಕಿನ ಜೆಎಸ್‌ಎಸ್ ಸಭಾಂಗಣದಲ್ಲಿ ರಂಗಪ್ರವೇಶ ಆಯಿತಲ್ಲ, ಅದರ ಹಿಂದಿನ ಅಡವು, ಜತಿ, ಪದಂ, ತಿಲ್ಲಾನ, ಉಳುಕಿದ ಪಾದ, ಮೃದಂಗದವರ ಕಾಫಿ, ಬಾಳೆಎಲೆ ಊಟದ ಬಿಲ್ಲು ಎಲ್ಲವೂ ಆ 150 ಅಕ್ಷರದೊಳಗೆ ಕೂರಬೇಕು. ಆಹ್ವಾನಪತ್ರಿಕೆಯಲ್ಲಿ ಅತಿಥಿಗಳ ಹೆಸರು ಹಾಕುವುದಕ್ಕೇ ಅದಕ್ಕಿಂತ ಹೆಚ್ಚು ಅಕ್ಷರ ಹಿಡಿದಿತ್ತು.

ಇನ್ನು ಸಮಾಜಸೇವೆ. ಭಾನುವಾರ ಬೆಳಗ್ಗೆ ಜೆ.ಪಿ. ನಗರದ ಕಡೆ ಕೆರೆ ಏರಿಯ ಮೇಲೆ ಹೋದರೆ ಕೈಗವಸು ಹಾಕಿಕೊಂಡು ಪ್ಲಾಸ್ಟಿಕ್ ಹೆಕ್ಕುವ ಹದಿನಾರು ಹದಿನೇಳರ ಮಕ್ಕಳು ಸಿಗುತ್ತಾರೆ. ಎಲ್ಲರೂ ಒಳ್ಳೆಯ ಮಕ್ಕಳೇ. ಆದರೆ ಅಕ್ಟೋಬರಿನಲ್ಲಿ ಇದ್ದಷ್ಟು ಕೆರೆಪ್ರೇಮ ಜನವರಿ ಹೊತ್ತಿಗೆ ಕಾಣುವುದಿಲ್ಲ. ನಮ್ಮ ಕಡೆಯ ಕೆರೆಗಳು ಇನ್ನೂ ಉಸಿರಾಡುತ್ತಿದ್ದರೆ ಅದರಲ್ಲಿ ಅಮೆರಿಕದ ಅಡ್ಮಿಷನ್ ಆಫೀಸುಗಳ ಪಾಲೂ ಇದೆ ಎಂದು ನನ್ನ ಗುಮಾನಿ.

ಕನ್ಸಲ್ಟೆಂಟ್ ಆಫೀಸು ಬಿಟಿಎಂ ಲೇಔಟಿನಲ್ಲಿತ್ತು. ಅಲ್ಲಿ ಗೋಡೆಗಳಿಗೆ ಪುರುಸೊತ್ತಿಲ್ಲ. ದೇಶದ ಮೂಲೆಮೂಲೆಯಿಂದ ಬೆಂಗಳೂರಿಗೆ ಬರುವವರಿಗೆ ‘ಪಿಜಿ ಫಾರ್ ಜೆಂಟ್ಸ್’ ಬೋರ್ಡು, ಬೆಂಗಳೂರು ಬಿಟ್ಟು ಹೋಗುವವರಿಗೆ ‘ಸ್ಟಡಿ ಅಬ್ರಾಡ್’ ಬೋರ್ಡು, ಒಂದೇ ಗೋಡೆಯ ಮೇಲೆ ಅಕ್ಕಪಕ್ಕ. ಕನ್ಸಲ್ಟೆಂಟಮ್ಮ ಮೊಮ್ಮಗಳನ್ನು ಕೂರಿಸಿಕೊಂಡು, 650 ಪದಗಳ ಪ್ರಬಂಧ ಬರೆಯಬೇಕಮ್ಮ, ಬಾಳಿನಲ್ಲಿ ನೀನು ಎದುರಿಸಿದ ಕಷ್ಟವೇನು ಯೋಚಿಸು ಅಂದರಂತೆ. ಹುಡುಗಿ ವಾರವೆಲ್ಲ ಕಷ್ಟ ಹುಡುಕಿದಳು. ಸಿಗಲಿಲ್ಲ. “ನಮ್ಮ ಮನೇಲಿ ನಿನಗೇನೇ ಕಷ್ಟ? ಹಾಗೇನಾದ್ರೂ ಬರೆದ್ರೆ ನೋಡು!” ಎಂದು ಅಜ್ಜಿ ಬೇರೆ ಅಡ್ಡಗಟ್ಟಿದಳು.

ಕೊನೆಗೆ ಅವಳು ಬರೆದದ್ದು ಅಜ್ಜಿಯ ಪಂಚಾಂಗದ ಮೇಲೆ. ಚಾಂದ್ರಮಾನದ ವರ್ಷಕ್ಕೆ ಸುಮಾರು 354 ದಿನ, ಸೂರ್ಯನ ವರ್ಷಕ್ಕೆ 365 ದಿನ ಚಿಲ್ಲರೆ. ಹನ್ನೊಂದು ದಿನದ ಸಾಲ ವರ್ಷವರ್ಷವೂ ಬೆಳೆಯುತ್ತದೆ. ಅದು ತಿಂಗಳಷ್ಟಾದಾಗ, ಅಂದರೆ ಮೂವತ್ತೆರಡು ಮೂವತ್ತಮೂರು ತಿಂಗಳಿಗೊಮ್ಮೆ, ಅಧಿಕಮಾಸ ಬಂದು ಲೆಕ್ಕ ಚುಕ್ತಾ ಮಾಡುತ್ತದೆ. ಇದನ್ನು ಅಡುಗೆಮನೆಯಲ್ಲಿ ಅಜ್ಜಿ ಬಾಯಿಲೆಕ್ಕದಲ್ಲೇ ಹೇಳುವುದನ್ನು ಕೇಳಿ ನನಗೆ ಗಣಿತದ ರುಚಿ ಹತ್ತಿತು ಎಂದು ಬರೆದಿದ್ದಳು. ನನಗೆ ಓದಿ ಗಂಟಲು ಕಟ್ಟಿತು. ಅಜ್ಜಿಗೆ ಕನ್ನಡದಲ್ಲಿ ಓದಿ ಹೇಳಿದೆವು. ಎಲ್ಲ ಕೇಳಿ, “ಅಧಿಕಮಾಸದಲ್ಲಿ ಮೂವತ್ತಮೂರು ಕಜ್ಜಾಯ ದಾನ ಕೊಡೋದನ್ನೇ ಬಿಟ್ಟಿದ್ದಾಳಲ್ಲ” ಎಂದಳು. 650 ಪದದಲ್ಲಿ ಕಜ್ಜಾಯಕ್ಕೆ ಜಾಗವಿರಲಿಲ್ಲ.

ಶಾಲೆಯ ಕಡೆಯಿಂದ ಶಿಫಾರಸು ಪತ್ರ ಬೇಕು. ನಾನು ಓದುವಾಗ ಶಾಲೆ ನಮ್ಮ ಬಗ್ಗೆ ಕೊಡುತ್ತಿದ್ದ ಅಭಿಪ್ರಾಯ ಟಿ.ಸಿ.ಯಲ್ಲಿ ಒಂದೇ ಪದ: ನಡತೆ, ತೃಪ್ತಿಕರ. ಅಷ್ಟರಲ್ಲೇ ಡಾಕ್ಟರು, ಡಿ.ಸಿ., ಕಳ್ಳ ಎಲ್ಲರೂ ತಯಾರಾದರು. ಈಗ ಅದೇ ‘ತೃಪ್ತಿಕರ’ವನ್ನು ಪುಟಗಟ್ಟಲೆ ಬರೆಯಬೇಕು. ತರಗತಿಯಲ್ಲಿ ಕೇಳಿದ ಪ್ರಶ್ನೆ ಯಾವುದು, ಸಹಪಾಠಿಗೆ ಮಾಡಿದ ಉಪಕಾರ ಏನು ಎಲ್ಲ ಬೇಕಂತೆ. ಪಾಪ, ಐವತ್ತು ಮಕ್ಕಳ ಕ್ಲಾಸಿನಲ್ಲಿ ಮೇಷ್ಟ್ರು ಎಷ್ಟು ಉಪಕಾರ ನೆನಪಿಟ್ಟುಕೊಳ್ಳುತ್ತಾರೆ!

ದುಡ್ಡಿನ ಫಾರಂ ಬಗ್ಗೆ ಹೇಳದಿದ್ದರೆ ಬ್ಯಾಂಕಿನವನಾಗಿ ನನಗೆ ಸಮಾಧಾನವಿಲ್ಲ. ಅಲ್ಲಿನ ದೊಡ್ಡ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಊಟ, ಹಾಸ್ಟೆಲು ಸೇರಿ ವರ್ಷಕ್ಕೆ 90 ಸಾವಿರ ಡಾಲರ್ ಆಸುಪಾಸು. ರೂಪಾಯಿಗೆ ತಿರುಗಿಸಿ ನಾಲ್ಕು ವರ್ಷಕ್ಕೆ ಗುಣಿಸಿದರೆ ಕ್ಯಾಲ್ಕುಲೇಟರಿಗೇ ನಾಚಿಕೆಯಾಗುತ್ತದೆ. ಸಹಾಯಧನ ಬೇಕಿದ್ದರೆ ಮನೆಯ ಬೆಲೆಯಿಂದ ಹಿಡಿದು ಎಲ್ಲವನ್ನೂ ಬಿಚ್ಚಿಡಬೇಕು. ನಮ್ಮದು ಸಿಐಟಿಬಿ ಕಾಲದ 30-40 ಸೈಟು. 1976ರಲ್ಲಿ ಬಿಡಿಎ ಬರುವ ಮುಂಚೆ ಅಪ್ಪ ಕೆಲವೇ ಸಾವಿರ ರೂಪಾಯಿ ಕಟ್ಟಿ, ಅದಕ್ಕೂ ಸಾಲ ಮಾಡಿ ತೆಗೆದುಕೊಂಡದ್ದು. ಇವತ್ತಿನ ಬೆಲೆ ಬರೆದರೆ ನಾವು ಕೋಟ್ಯಧಿಪತಿಗಳು. ಕೆಳಗಿನ ಸಾಲಿನಲ್ಲಿ ಆದಾಯ ಬರೆದರೆ, ಈ ಕೋಟ್ಯಧಿಪತಿಗಳು ತರಕಾರಿಯನ್ನು ಜಯನಗರ ಕಾಂಪ್ಲೆಕ್ಸಿನಲ್ಲಿ ಕೊಳ್ಳದೆ ಸಾರಕ್ಕಿ ಮಾರ್ಕೆಟ್ಟಿಗೆ ಯಾಕೆ ಹೋಗುತ್ತಾರೆಂದು ಗೊತ್ತಾಗುತ್ತದೆ. ಎರಡೂ ಸಾಲು ಒಂದೇ ಮನೆಯದು ಎಂದು ನಂಬಿಸಲು ಮಗ ಒಂದು ಪುಟ ವಿವರಣೆ ಬರೆದ. ಅದು ಮೊಮ್ಮಗಳ ಪ್ರಬಂಧಕ್ಕಿಂತ ಚೆನ್ನಾಗಿತ್ತು.

ಅರ್ಜಿ ಹೋಯಿತು. ಇನ್ನು ಕಾಯುವುದು.

ಕಾಯುವುದರಲ್ಲಿ ನಮ್ಮ ತಲೆಮಾರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಟೆಲಿಫೋನಿಗೆ ವರ್ಷಗಟ್ಟಲೆ ಕಾದವರು ನಾವು. ಬಜಾಜ್ ಸ್ಕೂಟರಿಗೆ ದುಡ್ಡು ಕಟ್ಟಿ, ಮದುವೆಗೆ ಬರುತ್ತದೆಂದುಕೊಂಡದ್ದು ಮಗುವಿನ ನಾಮಕರಣಕ್ಕೆ ಬಂದದ್ದನ್ನು ನೋಡಿದವರು. ಗ್ಯಾಸ್ ಸಿಲಿಂಡರು, ಎಚ್‌ಎಂಟಿ ವಾಚು, ಹೊಸ ರಸ್ತೆಯ ಕಾವೇರಿ ನೀರು, ಎಲ್ಲಕ್ಕೂ ಸಾಲು. ಆ ಕಾಯುವಿಕೆಯಲ್ಲಿ ಒಂದು ನೆಮ್ಮದಿಯಿತ್ತು. ಎಂದು ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ, ಆದ್ದರಿಂದ ನಿದ್ದೆ ಬರುತ್ತಿತ್ತು. ಇವರದೋ, ಇಂಥ ದಿನ, ಇಂಥ ಗಂಟೆ, ಇಂಥ ನಿಮಿಷಕ್ಕೆ ಹೇಳುತ್ತೇವೆ ಎಂದು ಮೊದಲೇ ಹೇಳಿಬಿಟ್ಟು ಮನೆಮಂದಿಯ ನಿದ್ದೆ ಕೆಡಿಸುವ ಕ್ರಮ.

ಹರಕೆ ಹೊರುವ ವಿಚಾರದಲ್ಲಿ ನನಗೊಂದು ಧರ್ಮಸಂಕಟ. ನಾನು ಓದಿದ್ದು ಬಸವನಗುಡಿಯ ನ್ಯಾಷನಲ್ ಕಾಲೇಜಿನಲ್ಲಿ, ಎಚ್. ನರಸಿಂಹಯ್ಯನವರು ಪ್ರಿನ್ಸಿಪಾಲರಾಗಿದ್ದಾಗ. 1935ರಲ್ಲಿ ಗೌರಿಬಿದನೂರಿನ ಬಳಿಯ ಹೊಸೂರಿನಿಂದ ಬೆಂಗಳೂರಿಗೆ ನಡೆದುಕೊಂಡೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಮನುಷ್ಯ ಅವರು. ಮುಂದೆ ಅಮೆರಿಕಕ್ಕೆ ಹೋಗಿ, ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1960ರಲ್ಲಿ ನ್ಯೂಕ್ಲಿಯರ್ ಫಿಸಿಕ್ಸಿನಲ್ಲಿ ಪಿಎಚ್.ಡಿ. ಮುಗಿಸಿ, ಅದೇ ಬಿಳಿ ಖಾದಿಯಲ್ಲಿ ಅದೇ ಕಾಲೇಜಿನ ಹಾಸ್ಟೆಲ್ ಕೋಣೆಗೆ ವಾಪಸು ಬಂದರು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿ ಪವಾಡಗಳನ್ನು ಪರೀಕ್ಷಿಸುವ ಸಮಿತಿಯನ್ನೇ ಮಾಡಿದವರು. ಅವರ ಕೈಕೆಳಗೆ ಓದಿ, ಸೀಟಿಗಾಗಿ ನಿಂಬೆಹಣ್ಣಿನ ದೀಪ ಹಚ್ಚುವುದೆಂದರೆ ಹೇಗೆ?

ನನ್ನಾಕೆ ಓದಿದ್ದು ಬೇರೆ ಕಾಲೇಜು. ಮಂಗಳವಾರ, ಶುಕ್ರವಾರ ರಾಹುಕಾಲಕ್ಕೆ ಸರಿಯಾಗಿ ಬನಶಂಕರಿ ದೇವಸ್ಥಾನದಲ್ಲಿ ನಿಂಬೆಹಣ್ಣು ಹೋಳು ಮಾಡಿ, ಸಿಪ್ಪೆ ಮಗುಚಿ, ಎಣ್ಣೆ ಹಾಕಿ ದೀಪ ಹಚ್ಚಿ ಬರುತ್ತಿದ್ದಳು. ಗುರುವಾರ ಐದನೇ ಬ್ಲಾಕಿನ ರಾಯರ ಮಠ. ಶನಿವಾರ ರಾಗಿಗುಡ್ಡದ ಆಂಜನೇಯ. ನಾನು ನಿಷ್ಠೆಯಿಂದ ಹೊರಗೇ ನಿಂತು ಚಪ್ಪಲಿ ಕಾಯುತ್ತಿದ್ದೆ. ಪ್ರಸಾದ ಮಾತ್ರ ತಿನ್ನುತ್ತಿದ್ದೆ. ಪುಳಿಯೋಗರೆಗೂ ಪವಾಡಕ್ಕೂ ಸಂಬಂಧವಿಲ್ಲ.

ಪಾರ್ಕಿನ ಕಥೆಯೇ ಬೇರೆ. ಲಕ್ಷ್ಮಣರಾವ್ ಪಾರ್ಕಿನಲ್ಲಿ ಬೆಳಗ್ಗೆ ನಡೆಯುವ ನಮ್ಮ ಗುಂಪಿನಲ್ಲಿ ಎಲ್ಲರೂ ನಿವೃತ್ತರು, ಯಾರ ಕುತೂಹಲವೂ ನಿವೃತ್ತವಾಗಿಲ್ಲ. “ಏನ್ ಸಾರ್, ಮೊಮ್ಮಗಳಿಗೆ ಸೀಟಾಯ್ತಾ?” ಎಂದು ನವೆಂಬರ್ ಎರಡನೇ ವಾರದಿಂದಲೇ ಶುರು. ಡಿಸೆಂಬರಿಗೆ ಎಂದೆ. “ಯಾಕ್ರೀ, ದುಡ್ಡು ಕಟ್ಟಿಲ್ವಾ?” ಎಂದರು ಒಬ್ಬರು. ಇಂಜಿನಿಯರಿಂಗ್ ಸೀಟೆಂದರೆ ಸಿಇಟಿ, ಕಾಮೆಡ್‌ಕೆ, ಮ್ಯಾನೇಜ್‌ಮೆಂಟ್ ಎಂಬ ಮೂರೇ ದಾರಿ ಗೊತ್ತಿರುವ ಊರು ಇದು. ರ‍್ಯಾಂಕೇ ಇಲ್ಲದೆ, ಪ್ರಬಂಧ ಓದಿ, ನೃತ್ಯ ನೋಡಿ ಸೀಟು ಕೊಡುತ್ತಾರೆಂದರೆ ಅವರಿಗೆ ಏನೋ ಮುಚ್ಚಿಡುತ್ತಿದ್ದೇನೆ ಎಂದೇ ಅನುಮಾನ. ಇನ್ನೊಬ್ಬರು ಹೆಗಲ ಮೇಲೆ ಕೈ ಹಾಕಿ, “ಪಿಇಎಸ್ ಇಲ್ಲೇ ರಿಂಗ್ ರೋಡಲ್ಲಿದೆ. ಸ್ಕೂಟೀಲಿ ಹೋಗಿ ಸಾಯಂಕಾಲ ಮನೆಗೆ ಬಂದು ಬಿಸಿಬಿಸಿ ಊಟ ಮಾಡಬಹುದಿತ್ತು” ಎಂದು ಮರುಗಿದರು. ಇವರ ಇಬ್ಬರು ಮಕ್ಕಳೂ ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಬಿಸಿಬಿಸಿ ಊಟ ದಂಪತಿಗಳಿಬ್ಬರೇ ಮಾಡುತ್ತಾರೆ.

ಫಲಿತಾಂಶ ಡಿಸೆಂಬರ್ 12, ಗುರುವಾರ ಸಂಜೆ ಅಲ್ಲಿನ ಪೂರ್ವ ಕರಾವಳಿಯ ಏಳು ಗಂಟೆಗೆ. ಚಳಿಗಾಲದಲ್ಲಿ ಅವರು ನಮಗಿಂತ ಹತ್ತೂವರೆ ಗಂಟೆ ಹಿಂದೆ. ಹಾಗಾಗಿ ನಮಗೆ ಶುಕ್ರವಾರ 13ರ ಬೆಳಗಿನ 5:30. ನನ್ನಾಕೆ ಎರಡೂ ದೇಶದ ಪಂಚಾಂಗ ನೋಡಿದಳು. ಅಲ್ಲಿ ಗುರುವಾರ, ರಾಯರ ದಿನ. ಇಲ್ಲಿ ಶುಕ್ರವಾರ, ಅಮ್ಮನವರ ದಿನ. ರಾಹುಕಾಲ ಎರಡು ಕಡೆಯೂ ಅಡ್ಡ ಬರುವುದಿಲ್ಲ. ಧನುರ್ಮಾಸ ಹುಟ್ಟುವುದಕ್ಕೆ ಇನ್ನೂ ದಿನಗಳಿವೆ, ಆದ್ದರಿಂದ ಶುಭಮಾತುಕತೆಗೆ ಅಡ್ಡಿಯಿಲ್ಲ. ಮೇಲಾಗಿ ಮಾರ್ಗಶಿರ ಶುದ್ಧ ತ್ರಯೋದಶಿ, ಹನುಮದ್‌ವ್ರತ. ರಾಗಿಗುಡ್ಡದಲ್ಲಿ ಜಾತ್ರೆ. “ಇದಕ್ಕಿಂತ ಒಳ್ಳೆ ಮುಹೂರ್ತ ಆ ಕಾಲೇಜಿನವರಿಗೆ ಯಾರು ಇಟ್ಟುಕೊಟ್ರೋ” ಎಂದಳು. ಶುಕ್ರವಾರ 13 ಎಂದರೆ ಅಮೆರಿಕದವರು ಅಪಶಕುನ ಎನ್ನುತ್ತಾರಂತೆ ಎಂದು ಸೊಸೆ ಎಲ್ಲೋ ಓದಿದ್ದಳು. “ಅವರಿಗೆ ಅದು ಗುರುವಾರ 12 ತಾನೇ? ನಮಗೇನು?” ಎಂದಳು ಅತ್ತೆ. ಖಗೋಳವಿಜ್ಞಾನಿಯೂ ತಡವರಿಸುವ ಜಾಗ ಅದು.

ಅಂದು ನಾಲ್ಕೂವರೆಗೇ ಮನೆಯಲ್ಲಿ ದೀಪ. ಮಗ ವೈಫೈ ಪೆಟ್ಟಿಗೆಯ ಮುಂದೆ. ಸೊಸೆ ಲ್ಯಾಪ್‌ಟಾಪಿಗೆ ಕುಂಕುಮ ಇಡಲೋ ಬೇಡವೋ ಎಂಬ ಗೊಂದಲದಲ್ಲಿ. ನನ್ನಾಕೆ ಮಡಿಯುಟ್ಟು ದೇವರ ಮನೆಯಲ್ಲಿ. ವಾಕಿಂಗಿನ ಸಾಕ್ಸ್ ಹಾಕಿಕೊಂಡು ಶೂ ಹಾಕಿಕೊಳ್ಳದೆ ನಾನು. 5:25, 5:28, 5:30. ಎಲ್ಲರೂ ಇದ್ದೇವೆ, ಪಾಸ್‌ವರ್ಡ್ ಮಾತ್ರ ಇಲ್ಲ. ಪಾಸ್‌ವರ್ಡ್ ಗೊತ್ತಿದ್ದವಳು ಒಳಗೆ ತಲೆತುಂಬ ಹೊದ್ದು ಮಲಗಿದ್ದಾಳೆ. ಹಿಂದಿನ ರಾತ್ರಿಯೇ ಹೇಳಿದ್ದಳು: “ಅದು ಎಲ್ಲೂ ಓಡಿಹೋಗಲ್ಲ ತಾತ, ಎದ್ದ ಮೇಲೆ ನೋಡ್ತೀನಿ.” ಎಬ್ಬಿಸೋಣವೆಂದ ಮಗ. ಮಲಗಿದ ಮಗುವನ್ನು ಎಬ್ಬಿಸಬೇಡಿ ಎಂದಳು ನನ್ನಾಕೆ. ಬಾಗಿಲ ಹೊರಗೆ ನಾಲ್ವರೂ ಪಿಸುಮಾತಿನಲ್ಲಿ ಜಗಳವಾಡಿದೆವು. ಹಾಲಿನವನು ಬಂದು ಹೋದ. ಪೇಪರ್ ಬಂತು. ಕಾಫಿ ಎರಡನೇ ಸುತ್ತು ಮುಗಿಯಿತು.

ಏಳು ದಾಟಿದ ಮೇಲೆ ಬಾಗಿಲು ತೆರೆಯಿತು. ಕೆದರಿದ ತಲೆ, ಒಂದು ಕೈಯಲ್ಲಿ ಫೋನು. “ಡಿಫರ್ ಆಗಿದೆ,” ಎಂದಳು. “ದೋಸೆನಾ ಇವತ್ತು?”

ಕಾಗದ ಓದಿಸಿ ಕೇಳಿದೆವು. ಅಷ್ಟು ವಿನಯದ ಕಾಗದವನ್ನು ಬ್ಯಾಂಕಿನಲ್ಲಿ ಸಾಲ ನಿರಾಕರಿಸುವಾಗಲೂ ನಾನು ಬರೆದಿಲ್ಲ. ಅರ್ಜಿಗಳು ಬಹಳ ಬಂದಿದ್ದವು, ಎಲ್ಲವೂ ಉತ್ತಮವಾಗಿದ್ದವು, ನಿಮ್ಮದೂ ಉತ್ತಮವಾಗಿತ್ತು, ಮಾರ್ಚಿನಲ್ಲಿ ಮತ್ತೆ ಪ್ರೀತಿಯಿಂದ ನೋಡುತ್ತೇವೆ ಎಂಬ ಧಾಟಿ. ನನ್ನಾಕೆ ಕಾವಲಿಗೆ ಎಣ್ಣೆ ಸವರುತ್ತ, “ನಾನು ಹೇಳಲಿಲ್ವಾ, ಊರಿಗೆ ಹೋಗಿ ಕಾಗದ” ಎಂದಳು. ಉಪ್ಪಿಟ್ಟಿನ ಖರ್ಚಾದರೂ ಉಳಿಯಿತಲ್ಲ ಎಂದು ನಾನು ಸಮಾಧಾನ ಹೇಳಲು ಹೋದೆ. ಅರ್ಜಿಯ ಫೀಸು 80 ಡಾಲರ್ ಆಸುಪಾಸು, ಅದರಲ್ಲಿ ಬೀದಿಗೆಲ್ಲ ಉಪ್ಪಿಟ್ಟು ಕೇಸರಿಬಾತು ಹಾಕಬಹುದಿತ್ತು ಎಂದು ಮಗ ಲೆಕ್ಕ ಕೊಟ್ಟ.

ಆಮೇಲಿನದನ್ನು ಎಳೆಯುವುದಿಲ್ಲ. ಕ್ರಿಸ್‌ಮಸ್ ರಜದಲ್ಲಿ ಹಠ ಹಿಡಿದು ಇನ್ನಷ್ಟು ಕಡೆ ಅರ್ಜಿ ಹಾಕಿದಳು. ಮಾರ್ಚ್ ಕೊನೆಯಲ್ಲಿ ಮತ್ತೆ ಬೆಳಗಿನ ಜಾವದ ಕಾಗದಗಳು. ಈ ಬಾರಿ ಅಮೆರಿಕದವರು ಗಡಿಯಾರವನ್ನೇ ಒಂದು ಗಂಟೆ ಮುಂದಕ್ಕೆ ತಿರುಗಿಸಿಕೊಂಡಿದ್ದರಿಂದ ನಾಲ್ಕೂವರೆಗೇ ಬಂದವು. ಡಿಸೆಂಬರಿನ ಕಾಲೇಜು ಉಹೂಂ ಎಂದಿತು. ಮಧ್ಯಪಶ್ಚಿಮದ ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯವೊಂದು, ಯಾವ ಬೆಡಗೂ ಇಲ್ಲದೆ, ಒಂದಿಷ್ಟು ಸ್ಕಾಲರ್‌ಷಿಪ್ಪನ್ನೂ ಸೇರಿಸಿ ಹೂಂ ಎಂದಿತು. ಉಳಿದದ್ದಕ್ಕೆ ಬ್ಯಾಂಕ್ ಸಾಲ. ಮೇಜಿನ ಆಚೆ ಬದಿಯಲ್ಲಿ ಆಯಸ್ಸು ಕಳೆದ ನಾನು ಮೊದಲ ಸಲ ಈಚೆ ಬದಿಯಲ್ಲಿ ಕೂತು, ‘ಸಾರ್, ಇನ್ನೊಂದು ಜೆರಾಕ್ಸ್ ಬೇಕು’ ಅನ್ನುವ ಮಾತಿಗೆ ಎಷ್ಟು ಹರಿತವಿದೆಯೆಂದು ತಿಳಿದುಕೊಂಡೆ.

ಸೀಟು ಸಿಕ್ಕಿತೆಂದು ಪಾರ್ಕಿನಲ್ಲಿ ಮೈಸೂರುಪಾಕು ಹಂಚಿದ್ದಾಯಿತು. ಅಲ್ಲಿಗೆ ಕಾಯುವುದು ಮುಗಿಯಿತು ಎಂದುಕೊಂಡರೆ ವೀಸಾ ಎದ್ದು ನಿಂತಿತು. 2025ರ ಜನವರಿಯಲ್ಲಿ ವಿಠ್ಠಲ್ ಮಲ್ಯ ರಸ್ತೆಯ ಹೋಟೆಲಿನಲ್ಲಿ ಅಮೆರಿಕದ ಕಾನ್ಸುಲೇಟು ಉದ್ಘಾಟನೆಯಾದಾಗ ನಮ್ಮ ಗುಂಪು ಸಂಭ್ರಮಪಟ್ಟಿತ್ತು. ಕಾನ್ಸುಲೇಟು ಬಂತು, ವೀಸಾ ಕೊಡುವ ಕಿಟಕಿ ಬರಲಿಲ್ಲ. ಅದಕ್ಕೆ ಚೆನ್ನೈಗೇ ಹೋಗಬೇಕು. ಹೋಗೋಣವೆಂದು 185 ಡಾಲರ್ ವೀಸಾ ಫೀಸು, 350 ಡಾಲರ್ ಸೆವಿಸ್ ಫೀಸು ಕಟ್ಟಿ ಸಿದ್ಧರಾದರೆ, ಮೇ ಕೊನೆಯಲ್ಲಿ ವಾಷಿಂಗ್ಟನ್ನಿನವರು ವಿದ್ಯಾರ್ಥಿ ವೀಸಾಕ್ಕೆ ಹೊಸ ಸಂದರ್ಶನಗಳನ್ನೇ ನಿಲ್ಲಿಸಿದರು. ಜೂನ್ ಮೂರನೇ ವಾರ ಮತ್ತೆ ಶುರು ಮಾಡುವಾಗ ಹೊಸ ಷರತ್ತು: ಇನ್‌ಸ್ಟಾಗ್ರಾಮ್, ಫೇಸ್‌ಬುಕ್ ಎಲ್ಲ ಬಾಗಿಲು ತೆರೆದಿಡಬೇಕು, ಅಧಿಕಾರಿಗಳು ನೋಡುತ್ತಾರೆ. ಮನೆಯವರಿಗೇ ತೋರಿಸದೆ ಬೀಗ ಹಾಕಿಟ್ಟಿದ್ದ ಖಾತೆಯನ್ನು ಹುಡುಗಿ ಹೀಗೆ ಅಮೆರಿಕ ಸರ್ಕಾರದ ದೆಸೆಯಿಂದ ತೆರೆದಳು. ಮೊದಲು ನೋಡಿದ್ದು ಅವಳ ಅಮ್ಮ. ರಾತ್ರಿ ಒಂದು ಗಂಟೆಗೆ ಗೆಳತಿಯರೊಡನೆ ಮ್ಯಾಗಿ ತಿನ್ನುತ್ತಿರುವ ಚಿತ್ರವನ್ನು ರಾಷ್ಟ್ರೀಯ ಭದ್ರತೆಗಿಂತ ಗಂಭೀರವಾಗಿ ವಿಚಾರಿಸಲಾಯಿತು.

ಆ ನಡುವೆ ನನ್ನಾಕೆ ಹೈದರಾಬಾದಿನ ಹೊರಗಿನ ಚಿಲ್ಕೂರು ಬಾಲಾಜಿಯ ಮಾತು ತೆಗೆದಳು. ವೀಸಾ ಬಾಲಾಜಿ ಎಂದೇ ಹೆಸರು. ಬೇಡಿಕೊಳ್ಳುವಾಗ 11 ಪ್ರದಕ್ಷಿಣೆ, ಆದ ಮೇಲೆ 108. ಬಡ್ಡಿ ಜಾಸ್ತಿಯಾಯಿತು ಎಂದೆ. ಆಕೆ ನನ್ನ ಮಾತಿಗೆ ಕಿವಿಗೊಡದೆ, ಇಲ್ಲಿಂದಲೇ ಆ ದಿಕ್ಕಿಗೆ ತಿರುಗಿ ನಮ್ಮ ಅಂಗಳದ ತುಳಸಿಗೆ 11 ಸುತ್ತು ಹಾಕಿದಳು. ಚೆನ್ನೈಯಲ್ಲಿ ಮೊದಲ ದಿನ ಬೆರಳಚ್ಚು, ಮಾರನೆಯ ದಿನ ಜೆಮಿನಿ ಸರ್ಕಲ್ಲಿನ ಕಾನ್ಸುಲೇಟು. ಒಳಗೆ ಮಾತುಕತೆ ಎರಡು ನಿಮಿಷ. ಹೊರಗೆ ಬಿಸಿಲಿನಲ್ಲಿ ನಾನೂ ಮಗನೂ ಎಳನೀರು ಕುಡಿಯುತ್ತ ನಿಂತಿದ್ದೆವು. ವೀಸಾ ಆಯಿತು. ಉಳಿದ 108ಕ್ಕೆ ಮಂಡಿನೋವಿನ ಕಾರಣ ಕಂತು ಕಟ್ಟುತ್ತಿದ್ದಾಳೆ.

ಪೆಟ್ಟಿಗೆ ತುಂಬುವಾಗ ಮನೆಯಲ್ಲಿ ಎರಡು ಪಕ್ಷ. 23 ಕಿಲೋದ ಎರಡು ಪೆಟ್ಟಿಗೆ ಬಿಡುತ್ತಾರೆ. ಒಂದು ಪಕ್ಷದ ಪ್ರಕಾರ ಅವು ಬಟ್ಟೆ, ಪುಸ್ತಕಕ್ಕೆ. ಇನ್ನೊಂದರ ಪ್ರಕಾರ ಸಾರಿನಪುಡಿ, ಹುಳಿಪುಡಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಬಾಳಕದ ಮೆಣಸಿನಕಾಯಿ, ಗಾಂಧಿಬಜಾರಿನ ಸುಬ್ಬಮ್ಮನ ಅಂಗಡಿಯ ಹಪ್ಪಳ ಸಂಡಿಗೆ, ಮೂರು ಲೀಟರಿನ ಕುಕ್ಕರು, ಅದರ ಎರಡು ಹೆಚ್ಚುವರಿ ಗ್ಯಾಸ್ಕೆಟ್ಟಿಗೆ. ಕೊಕ್ಕೆ ತಕ್ಕಡಿಗೆ ಪೆಟ್ಟಿಗೆ ಸಿಕ್ಕಿಸಿ ಎತ್ತುವ ಕೆಲಸ ಮಗನದು, ಮುಳ್ಳು ಓದುವುದು ನನ್ನದು. ಪ್ರತಿ ಸಲವೂ ಒಂದೂವರೆ ಕಿಲೋ ಜಾಸ್ತಿ. ಪ್ರತಿ ಸಲವೂ ಒಂದು ಸ್ವೆಟರು ಹೊರಗೆ. “ಅಲ್ಲಿ ಹಿಮ ಬೀಳುತ್ತಮ್ಮ” ಎಂದ ಮಗ. “ಅದಕ್ಕೇ ಬಿಸಿ ಸಾರು ಕುಡೀಲಿ” ಎಂದಳು ಅವನಮ್ಮ.

2025ರ ಆಗಸ್ಟ್ 10ರಂದು ಆರ್.ವಿ. ರೋಡಿನಿಂದ ಬೊಮ್ಮಸಂದ್ರಕ್ಕೆ ಹಳದಿ ಮೆಟ್ರೊ ಓಡಿತು. ಆ ಕಂಬಗಳ ಕೆಳಗಿನ ಧೂಳಿನಲ್ಲೇ ಅವಳ ಶಾಲೆಯ ದಿನಗಳೆಲ್ಲ ಕಳೆದಿದ್ದವು. ಒಂದು ಸಲ ಹತ್ತಿ, ಸಿಲ್ಕ್ ಬೋರ್ಡ್ ಜಂಕ್ಷನ್ನನ್ನು ಮೇಲಿನಿಂದ ನೋಡಿ, ಜನ್ಮ ಸಾರ್ಥಕ ಎಂದು ಫೋಟೊ ತೆಗೆದುಕೊಂಡು, ಮುಂದಿನ ವಾರವೇ ವಿಮಾನ ಹತ್ತಿದಳು. ಬಿಡುವುದಕ್ಕೆ ಟೆಂಪೊ ಟ್ರಾವೆಲರ್ ಮಾಡಿಕೊಂಡು ಹೋದೆವು. ದೇವನಹಳ್ಳಿಯ ಆ ಬಿದಿರಿನ ಟರ್ಮಿನಲ್ಲಿನ ಬಾಗಿಲಲ್ಲಿ ನಮ್ಮ ಕುಟುಂಬವನ್ನು ನೋಡಿ ಸಿಐಎಸ್‌ಎಫ್ ಜವಾನ, ಇವರಲ್ಲಿ ಹೋಗುವವರು ಎಷ್ಟು ಜನ ಎಂದು ಕೇಳಿದ. ಒಬ್ಬಳೇ ಎಂದರೆ ಅವನು ನಗಲಿಲ್ಲ. ದಿನಾ ನೋಡುತ್ತಾನೆ.

ಅಲ್ಲಿಗೆ ಸೇರಿದ ಮೊದಲ ದಿನಗಳ ವರದಿ ಕಂತುಕಂತಾಗಿ ಬಂತು. ರೂಮ್‌ಮೇಟ್ ಒಳ್ಳೆಯವಳು, ಹೆಸರು ನಾಲಿಗೆಗೆ ಹತ್ತಿಲ್ಲ. ಬಟ್ಟೆ ಒಗೆಯುವ ಮೆಷಿನ್ನಿಗೆ ಫೋನಿನಲ್ಲಿ ದುಡ್ಡು ಕಟ್ಟಬೇಕು. ಕುಕ್ಕರಿನ ಮೊದಲ ಕೂಗಿಗೆ ಹಾಸ್ಟೆಲಿನ ಅರ್ಧ ಜನ ಹೊರಗೆ ಓಡಿದರು. ಊಟದ ಹಾಲಿನಲ್ಲಿ ಮೊಸರು ಸಿಹಿ. ಈ ಕೊನೆಯ ಸುದ್ದಿಗೆ ನನ್ನಾಕೆ ಎರಡು ದಿನ ಸರಿಯಾಗಿ ಮಾತಾಡಲಿಲ್ಲ.

ಆಗಸ್ಟ್ 27, ಗಣೇಶನ ಹಬ್ಬ. ಕಡುಬು ಬೆಂದು ಪೂಜೆ ಮುಗಿಯುವ ಹೊತ್ತಿಗೆ ಅವಳಿಗೆ ರಾತ್ರಿ. ವಿಡಿಯೊದಲ್ಲಿ ಮಂಗಳಾರತಿ ತೋರಿಸಿದೆವು. ಆಗ ಹೊಸ ವಿಷಯ ಹೇಳಿದಳು.

ಅದಕ್ಕೆ ಒಂದು ಪೀಠಿಕೆ ಬೇಕು. ನಮ್ಮ ಕಡೆ ಮನೆತನದ ಹೆಸರೆಂಬುದಿಲ್ಲ. ಊರಿನದೊಂದು, ಅಪ್ಪನದೊಂದು ಅಕ್ಷರ ಮುಂದೆ ಇಟ್ಟುಕೊಂಡು ತಲೆಮಾರುಗಳು ನೆಮ್ಮದಿಯಾಗಿದ್ದವು. ಮಗ ಪಾಸ್‌ಪೋರ್ಟ್ ಮಾಡಿಸಲು ಹೋದಾಗ ಫಾರಮ್ಮಿನಲ್ಲಿ ‘ಸರ್‌ನೇಮ್’ ಎಂಬ ಖಾಲಿ ಮನೆ ಕಂಡು, ಏಜೆಂಟು ಅಲ್ಲಿ ನನ್ನ ಹೆಸರನ್ನೇ ತುಂಬಿದ. ಮೊಮ್ಮಗಳಿಗೂ ಅದೇ ಮುಂದುವರಿಯಿತು. ನನ್ನ ಹೆಸರು ಪೂರ್ತಿ ಬರೆಯುವುದಿಲ್ಲ. ಉದ್ದವಾಗಿದೆ, ‘ಮೂರ್ತಿ’ ಎಂದು ಮುಗಿಯುತ್ತದೆ ಎಂದರೆ ಸಾಕು. ನಮ್ಮ ಬೀದಿಯಲ್ಲಿ ನಿಂತು ‘ಮೂರ್ತೀ’ ಎಂದು ಕೂಗಿದರೆ ನಾಲ್ಕು ಮನೆಯ ಕಿಟಕಿ ತೆರೆಯುತ್ತವೆ.

“ತಾತ, ಲ್ಯಾಬ್ ಲಿಸ್ಟಲ್ಲಿ ಕೊನೆ ಹೆಸರು ಮೊದಲು ಬರುತ್ತೆ. ಆ ಪ್ರೊಫೆಸರು ನಿಮ್ಮ ಹೆಸರನ್ನ ಅರ್ಧ ಓದಿ, ನೀರು ಕುಡಿದು, ಏನಂತ ಕರೀಲಿ ಅಂತ ನನ್ನನ್ನೇ ಕೇಳಿದರು. ಮೂರ್ತಿ ಅನ್ನಿ ಅಂದೆ. ಈಗ ಎಲ್ಲರೂ ಹಾಗೇ ಕರೀತಾರೆ. ‘ಹಾಯ್ ಮೂರ್ತಿ’, ‘ಮೂರ್ತಿ, ಆ ಬೀಕರ್ ಕೊಡು’.”

ಬ್ಯಾಂಕಿನಲ್ಲಿ ದುಡಿದಷ್ಟು ಕಾಲವೂ ಹಾಸನ, ಅರಸೀಕೆರೆ ಶಾಖೆ ಬಿಟ್ಟು ಆಚೆಗೆ ವರ್ಗವಾಗದ ನನ್ನ ಹೆಸರು ಅಮೆರಿಕದ ಪ್ರಯೋಗಶಾಲೆಯಲ್ಲಿ ಬೀಕರ್ ಎತ್ತಿ ಕೊಡುತ್ತಿದೆ. ಏನು ಹೇಳಬೇಕೋ ತೋಚದೆ ಎಂಟಾಣೆ ನಗು ನಕ್ಕೆ. ಅಷ್ಟರಲ್ಲಿ ನನ್ನಾಕೆ ಫೋನು ಕಸಿದುಕೊಂಡಳು.

“ಲೋ ಮೂರ್ತಿ, ಆ ಸಿಹಿ ಮೊಸರು ಮುಟ್ಟಬೇಡ. ಹಾಲು ಉಗುರುಬೆಚ್ಚಗೆ ಮಾಡಿ, ನಾನು ಕೊಟ್ಟಿದೀನಲ್ಲ ಬಾಳಕದ ಮೆಣಸಿನಕಾಯಿ, ಅದಲ್ಲ, ಪಕ್ಕದ ಪೊಟ್ಟಣದಲ್ಲಿ ಒಣಮೆಣಸಿನಕಾಯಿ ಇದೆ, ಅದರ ತೊಟ್ಟು ಮುರಿದು ಹಾಕು. ಬೆಳಗ್ಗೆ ಹೆಪ್ಪಾಗುತ್ತೆ. ಆಗದೇ ಇದ್ರೆ ಫೋನ್ ಮಾಡು, ಎಷ್ಟು ಹೊತ್ತಾದ್ರೂ ಪರವಾಗಿಲ್ಲ, ತಾತ ಎದ್ದಿರ್ತಾರೆ.”